ಮಣ್ಣಿನ ಮಾರ್ಗಕ್ಕೆ ಎಂಥ ಸೈಕಲ್ ಟಯರು?

ನಮ್ಮ ಮನೆಯಿಂದ ಹಾಲಿನ ಸೊಸೈಟಿಗೆ ಮೂರು ಕಿಲೋಮೀಟರು. ಡಾಮರು ಸಿಗುವುದು ಕೊನೆಯ ಒಂದು ಕಿಲೋಮೀಟರಿಗೆ ಮಾತ್ರ. ಉಳಿದದ್ದು ಮುರಕಲ್ಲಿನ ಗುಡ್ಡ ಕಡಿದು ಮಾಡಿದ ಮಣ್ಣಿನ ಮಾರ್ಗ. ಬೇಸಿಗೆಯಲ್ಲಿ ಮೇಲೆಲ್ಲ ಚರಳು, ಮಳೆಗಾಲದಲ್ಲಿ ಕೆಸರು. ಮೂವತ್ತು ವರ್ಷ ಈ ದಾರಿಯಲ್ಲಿ ಹಳೇ ಸೈಕಲಿನಲ್ಲಿ ಹಾಲು ಕೊಂಡುಹೋದವನು ನಾನು. ಒಂದು ದಿನವೂ ಟಯರಿನ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

2020ರಲ್ಲಿ ಲಾಕ್‌ಡೌನಿಗೆ ಊರಿಗೆ ಬಂದ ಅಣ್ಣನ ಮಗ ಬೆಂಗಳೂರಿನಿಂದ ತನ್ನ ಗೇರ್ ಸೈಕಲನ್ನೂ ತಂದಿದ್ದ. ಹ್ಯಾಂಡಲ್ ಕೆಳಕ್ಕೆ ಬಗ್ಗಿದ, ಒಂದೇ ಕೈಯಲ್ಲಿ ಎತ್ತಬಹುದಾದ ರೋಡ್ ಬೈಕ್. ವಾಪಸು ಹೋಗುವಾಗ "ಚಿಕ್ಕಪ್ಪ, ಇದು ನಿಮಗೇ ಇರಲಿ" ಅಂತ ಬಿಟ್ಟುಹೋದ. ಏರಿನಲ್ಲಿ ಗೇರಿನ ಸುಖ ಕಂಡ ಮೇಲೆ ಕೇಳಬೇಕೇ? ಸೀಟಿನ ಕಂಬಕ್ಕೆ ಸಣ್ಣ ಕ್ಯಾರಿಯರ್ ಬಿಗಿಸಿ ಹಾಲಿನ ಕ್ಯಾನು ಕಟ್ಟಿದೆ. ಹಳೇ ಸೈಕಲ್ ಹಟ್ಟಿಯ ಮೂಲೆ ಸೇರಿತು.

ಮೂರನೇ ವಾರ ಇಳಿಜಾರಿನ ತಿರುವಿನಲ್ಲಿ ಮುಂದಿನ ಚಕ್ರ ಚರಳಿನ ಮೇಲೆ ಜಾರಿತು. ಐದು ಲೀಟರು ಹಾಲು ಮಣ್ಣಿಗೆ, ನನ್ನ ಮೊಣಕಾಲು ಕಲ್ಲಿಗೆ. ಎರಡು ವಾರ ಹಾಲು ಕರೆಯಲು ಕೂರಲಾಗಲಿಲ್ಲ, ಎರಡೂ ಹೊತ್ತಿನ ಕೆಲಸ ಮನೆಯವಳ ಮೇಲೆ ಬಿತ್ತು. "ಅದನ್ನು ಮಾರಿ ಒಂದು ಸ್ಕೂಟರ್ ತೆಗೀರಿ" ಎಂದು ಒತ್ತಾಯ. ಎರಡು ದನದ ಹಾಲಿನಲ್ಲಿ ಹಿಂಡಿಯ ಖರ್ಚು ಕಳೆದು ಎಷ್ಟು ಉಳಿಯುತ್ತದೆಂದು ನಿಮಗೆ ಗೊತ್ತೇ ಇದೆ. ಅದರಲ್ಲಿ ಸ್ಕೂಟರಿನ ಕಂತು ಬೇರೆ!

ಕುಂಟುತ್ತಾ ಕೂತವನಿಗೆ ಯೋಚಿಸಲು ಪುರುಸೊತ್ತು ಇತ್ತು. ತಪ್ಪು ಸೈಕಲಿನದ್ದಲ್ಲ, ಟಯರಿನದ್ದು. ಅದು ಬರೇ 23 ಮಿಲ್ಲಿಮೀಟರು ಅಗಲದ ಸಪೂರ ಟಯರು. ನಾನೋ, ಹೆಬ್ಬೆರಳು ಒತ್ತಿದರೆ ಜಗ್ಗಬಾರದು ಎಂಬ ಹಳೇ ಲೆಕ್ಕದಲ್ಲಿ ಕಲ್ಲಿನ ಹಾಗೆ ಗಾಳಿ ಹಾಕಿಸಿದ್ದೆ.

ಗಾಳಿಯ ಟಯರು ಇರುವುದೇ ನೆಲದ ಉಬ್ಬುತಗ್ಗು ನುಂಗಲಿಕ್ಕೆ. ಬೆಲ್‌ಫಾಸ್ಟಿನಲ್ಲಿದ್ದ ಡನ್ಲಪ್ ಎಂಬ ದನದ ಡಾಕ್ಟರು 1888ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು. ಗಟ್ಟಿ ರಬ್ಬರಿನ ಚಕ್ರದಲ್ಲಿ ಮಗನ ಮೂರುಚಕ್ರದ ಸೈಕಲ್ ಕುಲುಕುವುದನ್ನು ನೋಡಿ ಅವರು ಮಾಡಿದ್ದು. ನಾವು ಗಾಳಿ ತುಂಬಿ ತುಂಬಿ ಅದನ್ನು ಪುನಃ ಗಟ್ಟಿ ರಬ್ಬರೇ ಮಾಡುತ್ತೇವೆ! ಗಾಳಿ ಕಡಿಮೆಯಾದರೆ ತುಳಿಯಲು ಭಾರ ಎನ್ನುವುದು ನುಣ್ಣಗಿನ ಡಾಮರಿಗೆ ಸ್ವಲ್ಪ ಸರಿ. ಚರಳಿನಲ್ಲಿ ಗಟ್ಟಿ ಟಯರು ಪ್ರತಿ ಕಲ್ಲಿಗೂ ಕುಪ್ಪಳಿಸುತ್ತದೆ, ನಮ್ಮ ಶಕ್ತಿ ಅದರಲ್ಲೇ ಹೋಗುತ್ತದೆ. ರೇಸಿನವರೇ ಈಗ 23 ಬಿಟ್ಟು 28, 30ಕ್ಕೆ ಬಂದಿದ್ದಾರೆ. ಫ್ರಾನ್ಸಿನಲ್ಲಿ ಪ್ಯಾರಿಸ್-ರೂಬೆ ಎಂಬ ಕಲ್ಲುಹಾಸಿನ ದಾರಿಯ ರೇಸು 1896ರಿಂದ ಇದೆ. ಅಲ್ಲಿ ಇನ್ನೂ ಅಗಲದ್ದು ಹಾಕಿ ಗಾಳಿ ಇಳಿಸುತ್ತಾರೆ.

ಸರಿ, 28ರದ್ದು ಹಾಕುವ ಎಂದು ಪೇಟೆಗೆ ಹೋಗಿ "28ರ ಟಯರು ಕೊಡಿ" ಎಂದೆ. ಅಂಗಡಿಯವರು ಕೊಟ್ಟದ್ದು 28 ಇಂಚಿನದ್ದು, ನಮ್ಮ ಹಳೇ ಸೈಕಲಿನದ್ದು! ಮನೆಗೆ ತಂದು ಹಾಕಿದರೆ ರಿಮ್ಮಿನ ಮೇಲೆ ಬಳಬಳ. ಟಯರಿನ ಬದಿ ಓದಲು ಕಲಿತದ್ದು ಆಗ. ಹಳೇ ಸೈಕಲಿನ 28 x 1½ ಟಯರಿಗೆ 40-635 ಎಂಬ ಗುರುತು. ಮೊದಲಿನದ್ದು ಅಗಲ, ಎರಡನೆಯದ್ದು ರಿಮ್ಮಿನಲ್ಲಿ ಕೂರುವ ಅಂಚಿನ ವ್ಯಾಸ, ಎರಡೂ ಮಿಲ್ಲಿಮೀಟರಿನಲ್ಲಿ. ರೋಡ್ ಬೈಕಿನದ್ದು 622. ಹದಿಮೂರು ಮಿಲ್ಲಿಮೀಟರು ವ್ಯತ್ಯಾಸ ಇದ್ದರೆ ಕೂರುವುದು ಹೇಗೆ? ಇಂಚು ಬಿಡಿ, ಈ ಎರಡನೇ ಸಂಖ್ಯೆ ಬರೆದುಕೊಂಡೇ ಅಂಗಡಿಗೆ ಹೋಗಿ.

ಇನ್ನೊಂದು, ಸೈಕಲಿನಲ್ಲಿ ಜಾಗ ಉಂಟೋ ಎಂದು ನೋಡಬೇಕು. ನನ್ನದರಲ್ಲಿ ಬ್ರೇಕಿನ ಅಡಿಗೆ 28 ಮಿಲ್ಲಿಮೀಟರಿಗಿಂತ ದೊಡ್ಡದು ಹೋಗುವುದೇ ಇಲ್ಲ. ಅದಕ್ಕೇ ನನ್ನ ಅಭಿಪ್ರಾಯ: ಹಳ್ಳಿಯಲ್ಲಿರುವವರು ಹೊಸ ಗೇರ್ ಸೈಕಲ್ ಕೊಳ್ಳುವುದಾದರೆ ಗೇರು ಎಣಿಸುವ ಮೊದಲು ಟಯರಿನ ಸುತ್ತ ಎಷ್ಟು ಜಾಗ ಇದೆ ನೋಡಿ. 35-40 ಮಿಲ್ಲಿಮೀಟರಿನ ಟಯರು ಹಿಡಿಸದಿದ್ದರೆ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಟಯರಿನ ಮೇಲಿನ ಗುಬ್ಬಿಗಳನ್ನು ನೋಡಿ ಮರುಳಾಗುವುದೂ ಬೇಡ. ಒಣ ಮಣ್ಣಿಗೆ ಅಗಲ ಇದ್ದರೆ ಸಾಕು. ನಮ್ಮ ಜೇಡಿ ಕೆಸರಿನಲ್ಲಿ ಗುಬ್ಬಿಗಳ ಎಡೆ ನಾಲ್ಕು ಸುತ್ತಿಗೆ ತುಂಬಿಹೋಗುತ್ತದೆ.

ಗಾಳಿಯ ವಿಷಯ: ಟಯರಿನಲ್ಲಿ ಬರೆದಿರುವುದು ಹೆಚ್ಚೆಂದರೆ ಎಷ್ಟು ಎಂಬ ಮಿತಿ, ಅಷ್ಟು ಹಾಕಬೇಕೆಂದಲ್ಲ. ನನ್ನ ತೂಕ 62 ಕಿಲೋ. 28ರ ಟಯರಿಗೆ ಮುಂದೆ 60, ಹಿಂದೆ 70 ಪೌಂಡು ಹಾಕುತ್ತೇನೆ. ಹಳೇ ಸೈಕಲಿನ ಅಗಲದ ಟಯರಿಗೆ 40ರ ಆಸುಪಾಸು ಸಾಕು, ಹಿಂಡಿ ಗೋಣಿ ಹೇರುವ ದಿನ ಹಿಂದಕ್ಕೆ ಸ್ವಲ್ಪ ಜಾಸ್ತಿ. ತೀರಾ ಇಳಿಸಿದರೆ ಕಲ್ಲಿಗೆ ಬಡಿದು ಟ್ಯೂಬು ರಿಮ್ಮಿನ ಅಂಚಿಗೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಜೋಡಿ ತೂತು. ಹಾಗಾದರೆ ಐದು ಪೌಂಡು ಏರಿಸಿ. ರೋಡ್ ಬೈಕಿನ ಸಪೂರ ವಾಲ್ವಿಗೆ ಪಂಕ್ಚರ್ ಅಂಗಡಿಯ ಕಂಪ್ರೆಸರು ಹಿಡಿಯುವುದಿಲ್ಲ. ಒಂದು ಸಣ್ಣ ಹಿತ್ತಾಳೆಯ ಅಡಾಪ್ಟರ್ ಬೇಕು, ಕಿಸೆಯಲ್ಲಿರಲಿ.

ಈಗ ಬೇಸಿಗೆಯಿಡೀ ಗೇರ್ ಸೈಕಲಿನಲ್ಲೇ ಹೋಗುತ್ತೇನೆ, ಮತ್ತೆ ಬಿದ್ದಿಲ್ಲ. ಜೂನ್ ಬಂದರೆ ಟಯರಿಗೂ ಬ್ರೇಕಿಗೂ ನಡುವೆ ಕೆಸರು ಮೆತ್ತಿ ಚಕ್ರ ತಿರುಗುವುದಿಲ್ಲ. ಆಗ ಹಟ್ಟಿಯ ಮೂಲೆಯಿಂದ ಹಳೆಯದೇ ಹೊರಬರುತ್ತದೆ. ಸ್ಕೂಟರಿನ ಮಾತು ಮನೆಯಲ್ಲಿ ಸದ್ಯಕ್ಕೆ ನಿಂತಿದೆ.

ಮೊನ್ನೆ ಹಿಂದಿನ ಟಯರು ಸವೆದು ಹೊಸದೊಂದು ತಂದೆ. ಅಂಗಡಿಯ ಹುಡುಗ ಅದನ್ನು ಹಿಂದಕ್ಕೇ ಹಾಕಲು ಹೊರಟ. "ಬೇಡ ಮಾರಾಯ, ಮುಂದಿನದ್ದನ್ನು ಹಿಂದೆ ಹಾಕು, ಹೊಸದು ಮುಂದಕ್ಕಿರಲಿ" ಎಂದೆ. ಹಿಂದಿನ ಚಕ್ರ ಜಾರಿದರೆ ಕಾಲೂರಿ ನಿಲ್ಲಬಹುದು. ಮುಂದಿನದ್ದು ಜಾರಿದರೆ ಏನಾಗುತ್ತದೆಂದು ನನ್ನ ಮೊಣಕಾಲಿಗೆ ಗೊತ್ತು.