ಕಣ್ಣು ಮುಚ್ಚಿದ ಆಮೆ ನಿದ್ರಿಸುತ್ತಿಲ್ಲ

ನಮ್ಮ ನೆರೆಮನೆಯ ಪುಟ್ಟ ಬಾಲಕಿಗೆ ಅವಳ ತಂದೆ ಎರಡು ಆಮೆಮರಿಗಳನ್ನು ತಂದುಕೊಟ್ಟಿದ್ದರು. ಹಸಿರು ಚಿಪ್ಪು, ಕಣ್ಣಿನ ಹಿಂದೆ ಕೆಂಪು ಪಟ್ಟಿ. ಅಂಗಡಿಯವರು ಜೊತೆಗೆ ಒಂದು ಡಬ್ಬಿ ಒಣ ಸಿಗಡಿಯನ್ನೂ ಕೊಟ್ಟಿದ್ದರು. ದಿನಕ್ಕೆರಡು ಬಾರಿ ಸಿಗಡಿ ಹಾಕುವುದು ಅವಳ ಕೆಲಸ. ಕೆಲವು ತಿಂಗಳ ಬಳಿಕ ಅವಳು, "ಉಮ್ಮಾ, ಒಂದು ಆಮೆ ಯಾವಾಗಲೂ ನಿದ್ದೆ ಮಾಡ್ತದೆ" ಎಂದಳು. "ಮಲಗಲಿ ಬಿಡು, ಎಬ್ಬಿಸಬೇಡ" ಎಂದು ತಾಯಿ ಹೇಳಿದರು. ಮೂರು ವಾರಗಳಲ್ಲಿ ಆ ಆಮೆ ಸತ್ತುಹೋಯಿತು. ಆಗಲೇ ಎರಡನೆಯದರ ಕಣ್ಣುಗಳೂ ಊದಿಕೊಂಡು ಮುಚ್ಚಿರುವುದು ಅವರ ಗಮನಕ್ಕೆ ಬಂದದ್ದು.

ಇದು ಆ ಮನೆಯೊಂದರ ಕಥೆಯಲ್ಲ. ಆಮೆ ಸಾಕುವ ಅನೇಕ ಮನೆಗಳಲ್ಲಿ ಹೀಗೆಯೇ ಆಗುತ್ತದೆ. ಪ್ರೀತಿಯಲ್ಲಿ ಕೊರತೆಯಿಲ್ಲ, ತಿಳುವಳಿಕೆಯಲ್ಲಿ ಕೊರತೆ.

ಕಣ್ಣು ಊದುವುದೇಕೆ?

ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು 'ರೆಡ್ ಇಯರ್ಡ್ ಸ್ಲೈಡರ್' ಎಂಬ ಆಮೆ. ಅಮೆರಿಕದ ಮಿಸ್ಸಿಸ್ಸಿಪ್ಪಿ ನದಿಯ ಕಡೆಯದು. ಇದರ ಕಣ್ಣು ಊದಲು ಮುಖ್ಯವಾಗಿ ಎರಡು ಕಾರಣಗಳಿವೆ: ಆಹಾರದಲ್ಲಿ 'ಎ' ಜೀವಸತ್ವದ ಕೊರತೆ ಮತ್ತು ಕೊಳಕು ನೀರು. ಅನೇಕ ಬಾರಿ ಎರಡೂ ಒಟ್ಟಿಗೇ ಇರುತ್ತವೆ.

ಮರಿ ಹುಟ್ಟುವಾಗ ತಾಯಿಯಿಂದ ಬಂದ ಸ್ವಲ್ಪ 'ಎ' ಜೀವಸತ್ವ ಅದರ ಯಕೃತ್ತಿನಲ್ಲಿ ಸಂಗ್ರಹವಾಗಿರುತ್ತದೆ. ಆದ್ದರಿಂದ ಮೊದಲು ಏನೂ ತೊಂದರೆ ಕಾಣದು. ಬರೀ ಒಣ ಸಿಗಡಿ, ಅನ್ನ, ಬ್ರೆಡ್ ಅಥವಾ ಮಾಂಸದ ಚೂರು ತಿನ್ನುತ್ತಾ ಬಂದರೆ ಆ ಸಂಗ್ರಹ ಮುಗಿಯುತ್ತದೆ. ಆಗ ಕಣ್ಣಿನ ಸುತ್ತಲಿನ ಗ್ರಂಥಿಗಳ ಒಳಪದರ ದಪ್ಪವಾಗಿ ನಾಳಗಳು ಕಟ್ಟಿಕೊಳ್ಳುತ್ತವೆ. ರೆಪ್ಪೆಗಳು ಗುಳ್ಳೆಯಂತೆ ಉಬ್ಬುತ್ತವೆ, ಒಳಗೆ ಬಿಳಿ ಗಸಿ ತುಂಬುತ್ತದೆ. ಅದರ ಮೇಲೆ ಕೊಳಕು ನೀರಿನ ರೋಗಾಣುಗಳು ಸೇರಿಕೊಂಡರೆ ಕಣ್ಣು ಪೂರ್ತಿ ಮುಚ್ಚಿಹೋಗುತ್ತದೆ.

ಇಲ್ಲಿಂದಲೇ ನಿಜವಾದ ಅಪಾಯ ಆರಂಭ. ಆಮೆ ಆಹಾರ ಹುಡುಕುವುದು ಮುಖ್ಯವಾಗಿ ಕಣ್ಣಿನಿಂದ. ಕಣ್ಣು ಕಾಣದಿದ್ದರೆ ಎದುರಿಗಿರುವ ಆಹಾರವನ್ನೂ ಅದು ತಿನ್ನದು. ನಾವು ನಿದ್ದೆ ಎಂದು ಭಾವಿಸಿದ್ದು ಅದರ ಉಪವಾಸ. ತಿನ್ನುತ್ತಿಲ್ಲವೆಂದು ಮತ್ತಷ್ಟು ಆಹಾರ ಸುರಿದರೆ ನೀರು ಕೊಳೆಯುತ್ತದೆ, ಕಣ್ಣು ಇನ್ನಷ್ಟು ಊದುತ್ತದೆ.

ಚಿಕಿತ್ಸೆ ಹೇಗೆ?

ಕಣ್ಣು ಊದಿದ್ದು ಕಂಡ ಕೂಡಲೇ ಪಶುವೈದ್ಯರಿಗೆ ತೋರಿಸಬೇಕು. ಸಾಧ್ಯವಾದರೆ ಸರೀಸೃಪಗಳನ್ನು ನೋಡಿ ಅನುಭವವಿರುವವರಿಗೆ. ಮೂಗಿನಿಂದ ಗುಳ್ಳೆ ಬರುವುದು, ಬಾಯಿ ತೆರೆದು ಉಸಿರಾಡುವುದು, ಒಂದೇ ಬದಿಗೆ ವಾಲಿ ತೇಲುವುದು ಇದ್ದರೆ ಶ್ವಾಸಕೋಶಕ್ಕೂ ಸೋಂಕು ತಗುಲಿರಬಹುದು. ಆಗ ಒಂದು ದಿನವನ್ನೂ ಕಳೆಯಬಾರದು.

ವೈದ್ಯರು ಕಣ್ಣನ್ನು ತೊಳೆದು, ಗಸಿ ತೆಗೆದು, ಹಚ್ಚಲು ಮುಲಾಮು ಕೊಡುತ್ತಾರೆ. ಅಗತ್ಯ ಕಂಡರೆ 'ಎ' ಜೀವಸತ್ವವನ್ನೂ ಕೊಡುತ್ತಾರೆ. ಮುಲಾಮು ಹಚ್ಚಿದ ಮೇಲೆ ಅರ್ಧ ಗಂಟೆಯಾದರೂ ಆಮೆಯನ್ನು ನೀರಿನಿಂದ ಹೊರಗೆ ಬೆಚ್ಚಗೆ ಇಡಬೇಕು, ಇಲ್ಲವಾದರೆ ಮದ್ದು ತೊಳೆದುಹೋಗುತ್ತದೆ. ಊತ ಇಳಿಯಲು ಕೆಲವು ವಾರಗಳು ಬೇಕಾಗಬಹುದು. ತಾಳ್ಮೆ ಕಳೆದುಕೊಳ್ಳಬಾರದು.

ಮನೆಯಲ್ಲಿ ಮಾಡಬಾರದ ಮೂರು ತಪ್ಪುಗಳಿವೆ. ಮುಚ್ಚಿದ ರೆಪ್ಪೆಯನ್ನು ಉಗುರಿನಿಂದ ಬಿಡಿಸಲು ಹೋಗಬೇಡಿ. ಮನುಷ್ಯರ ಕಣ್ಣಿನ ಹನಿಗಳನ್ನು ವೈದ್ಯರನ್ನು ಕೇಳದೆ ಹಾಕಬೇಡಿ, ಸ್ಟೀರಾಯ್ಡ್ ಇರುವ ಹನಿಗಳಿಂದ ಸೋಂಕು ಹೆಚ್ಚಬಹುದು. ಮೆಡಿಕಲ್ ಅಂಗಡಿಯ 'ಎ' ಜೀವಸತ್ವದ ಕ್ಯಾಪ್ಸೂಲನ್ನು ನೀವೇ ಲೆಕ್ಕಹಾಕಿ ಕೊಡಬೇಡಿ. ಅದು ಮಿತಿಮೀರಿದರೆ ಆಮೆಯ ಚರ್ಮ ಸುಲಿದು ಬರುತ್ತದೆ. ಕೊರತೆಯಷ್ಟೇ ಅತಿಯೂ ಅಪಾಯ.

ಮತ್ತೆ ಬಾರದಂತೆ

ಮದ್ದಿನಿಂದ ಕಣ್ಣು ತೆರೆಯಬಹುದು. ಆದರೆ ಆಹಾರ ಮತ್ತು ನೀರು ಹಿಂದಿನಂತೆಯೇ ಇದ್ದರೆ ರೋಗ ಮರಳಿ ಬರುವುದು ಖಂಡಿತ. ಇದು ಕಣ್ಣಿನ ರೋಗವೆನ್ನುವುದಕ್ಕಿಂತ ಬಟ್ಟಲಿನ ಮತ್ತು ತೊಟ್ಟಿಯ ರೋಗ.

ಆಮೆಗೆಂದೇ ತಯಾರಿಸಿದ ಗುಳಿಗೆ ಆಹಾರ ಮುಖ್ಯವಾಗಿರಲಿ. ಚೀಲದಿಂದ ಬಿಡಿಯಾಗಿ ತೂಗಿಕೊಡುವುದು ಬೇಡ. ಹಳೆಯದಾದಂತೆ ಅದರಲ್ಲಿನ ಜೀವಸತ್ವ ನಾಶವಾಗುತ್ತದೆ, ಆದ್ದರಿಂದ ದಿನಾಂಕ ನೋಡಿ ಕೊಳ್ಳಿ. ಜೊತೆಗೆ ತುರಿದ ಕ್ಯಾರೆಟ್, ಸಿಹಿಗುಂಬಳ, ನುಗ್ಗೆಸೊಪ್ಪಿನಂಥ ಕಡುಹಸಿರು ಸೊಪ್ಪು ಕೊಡಿ. ಅಪರೂಪಕ್ಕೊಮ್ಮೆ ಉಪ್ಪು ಖಾರ ಹಾಕದ ಕೋಳಿಯ ಯಕೃತ್ತಿನ ಸಣ್ಣ ಚೂರು ಸಾಕು. ಒಣ ಸಿಗಡಿ ಮಿಠಾಯಿಯಿದ್ದಂತೆ, ಅದು ಊಟವಲ್ಲ.

ನೀರಿನ ವಿಷಯದಲ್ಲಿ ಪ್ಲಾಸ್ಟಿಕ್ ಬೋಗುಣಿ ಸಾಲದು. ಚಿಪ್ಪಿನ ಪ್ರತಿ ಅಂಗುಲಕ್ಕೆ ಸುಮಾರು 40 ಲೀಟರ್ ನೀರು ಎಂಬುದು ಸಾಕುವವರ ಸಾಮಾನ್ಯ ಲೆಕ್ಕ. ಫಿಲ್ಟರ್ ಇರಲಿ. ಇಲ್ಲವಾದರೆ ಒಂದೆರಡು ದಿನಕ್ಕೊಮ್ಮೆ ನೀರು ಬದಲಿಸಿ. ನಳ್ಳಿಯ ನೀರನ್ನು ಒಂದು ದಿನ ತೆರೆದ ಪಾತ್ರೆಯಲ್ಲಿಟ್ಟರೆ ಕ್ಲೋರಿನ್ ಕಡಿಮೆಯಾಗುತ್ತದೆ. ಆಹಾರವನ್ನು ಬೇರೆ ಪಾತ್ರೆಯ ನೀರಿನಲ್ಲಿ ಕೊಟ್ಟರೆ ತೊಟ್ಟಿ ಬೇಗ ಕೊಳೆಯದು.

ಮೈ ಒಣಗಿಸಿಕೊಳ್ಳಲು ನೀರಿನ ಮೇಲೆ ಒಂದು ಕಲ್ಲು ಅಥವಾ ಹಲಗೆ ಬೇಕು. ಬಿಸಿಲೂ ಬೇಕು. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲು ಪ್ರಯೋಜನವಿಲ್ಲ, ಬೇಕಾದ ಅತಿನೇರಳೆ ಕಿರಣವನ್ನು ಗಾಜು ತಡೆಯುತ್ತದೆ. ಬೆಳಗಿನ ಎಳೆ ಬಿಸಿಲಿನಲ್ಲಿ, ಪಕ್ಕದಲ್ಲಿ ನೆರಳಿರುವಂತೆ ಸ್ವಲ್ಪ ಹೊತ್ತು ಬಿಡಿ. ಗಾಜಿನ ತೊಟ್ಟಿಯನ್ನೇ ಬಿಸಿಲಿಗಿಟ್ಟರೆ ನೀರು ಕಾದು ಆಮೆ ಸಾಯುತ್ತದೆ.

ಮನೆಯವರ ಎಚ್ಚರಿಕೆ

ಆರೋಗ್ಯವಂತ ಆಮೆಯ ಮೈಯಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಮಕ್ಕಳಿಗೆ ಇದರಿಂದ ಭೇದಿ, ಜ್ವರ ಬರುತ್ತದೆ. ಇದೇ ಕಾರಣಕ್ಕೆ ಅಮೆರಿಕದಲ್ಲಿ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಲಾಯಿತು. ಆಮೆಯನ್ನು ಮುಟ್ಟಿದ ಬಳಿಕ ಸಾಬೂನಿನಿಂದ ಕೈ ತೊಳೆಯಿರಿ. ಅಡುಗೆಮನೆಯ ಸಿಂಕಿನಲ್ಲಿ ಅದರ ತೊಟ್ಟಿಯನ್ನು ತೊಳೆಯಬೇಡಿ. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳು, ಗರ್ಭಿಣಿಯರು ಇರುವ ಮನೆಯಲ್ಲಿ ಆಮೆ ಸಾಕದಿರುವುದೇ ಲೇಸು.

ಸಾಕಲಾಗದೆಂದು ಕೆರೆಗೆ ಬಿಡುವವರಿದ್ದಾರೆ. ಅದು ದಯೆಯಲ್ಲ. ಈ ವಿದೇಶಿ ಆಮೆ ನಮ್ಮ ದೇಶೀ ಆಮೆಗಳ ಆಹಾರ, ಜಾಗ ಎರಡನ್ನೂ ಕಸಿದುಕೊಳ್ಳುತ್ತದೆ. ಹಾಗೆಂದು ನಮ್ಮ ಕೆರೆಯ ಆಮೆಯನ್ನೋ ನಕ್ಷತ್ರ ಆಮೆಯನ್ನೋ ಹಿಡಿದು ಸಾಕುವಂತೆಯೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.

ಅಂಗೈಯಗಲದ ಮರಿ ಮುಂದೆ ಊಟದ ತಟ್ಟೆಯಷ್ಟು ದೊಡ್ಡದಾಗಿ, ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಮಗುವಿಗೆ ಉಡುಗೊರೆ ಕೊಡುವ ಮೊದಲು ಈ ಲೆಕ್ಕವನ್ನು ಹಿರಿಯರು ಹಾಕಬೇಕು.

ನೆರೆಮನೆಯ ಎರಡನೆಯ ಆಮೆ ಬದುಕಿತು. ಐದನೇ ವಾರದಲ್ಲಿ ಕಣ್ಣು ತೆರೆದು ಕ್ಯಾರೆಟ್ ತುರಿಗೆ ಬಾಯಿ ಹಾಕಿತು. ಆ ಹುಡುಗಿ ಈಗ ಪ್ರತಿದಿನ ಮೊದಲು ನೋಡುವುದು ಅದರ ಕಣ್ಣುಗಳನ್ನೇ. ಮೂಕಪ್ರಾಣಿ ಬಾಯಿಬಿಟ್ಟು ಹೇಳಲಾರದು. ಹಗಲಿಡೀ ಕಣ್ಣು ಮುಚ್ಚಿಕೊಂಡಿದ್ದರೆ ಅದು ಏನೋ ಹೇಳುತ್ತಿದೆಯೆಂದು ನಾವೇ ತಿಳಿದುಕೊಳ್ಳಬೇಕು.