ಬಾಯಾರಿದ ಮೇಲೆ ಬಾವಿ ತೋಡುವವರು

ಮೊನ್ನೆ ಮನೆಗೆ ಬಂದಿದ್ದ ನನ್ನ ಸೋದರಳಿಯನು ಮೇಜಿನ ಮೇಲಿದ್ದ ಛಾಯಾಚಿತ್ರವೊಂದನ್ನು ನೋಡಿ ನಕ್ಕನು. ಉದ್ಯಾನದ ಡೇರೆಯೊಂದರಲ್ಲಿ, ಕಿವಿಗೆ ಹೆಡ್‌ಫೋನ್ ಏರಿಸಿ ಕುಳಿತ ಅಮೆರಿಕದ ಕೆಲವು ವೃದ್ಧರ ನಡುವೆ ನಾನೂ ಇರುವ ಚಿತ್ರವದು. “ಮಾವ, ಎಲ್ಲರ ಕೈಯಲ್ಲೂ ಮೊಬೈಲ್ ಇರುವ ಕಾಲದಲ್ಲಿ ಈ ತಂತಿ, ಕಂಬಗಳ ಆಟ ಏಕೆ? ಇದು ಕೆಲಸವಿಲ್ಲದವರ ವನಭೋಜನ” ಎಂದನು. ಅಂದು ಅವನಿಗೆ ಕಾಫಿ ಕೊಟ್ಟು ಕಳುಹಿಸಿದೆನು. ಉತ್ತರವನ್ನು ಇಲ್ಲಿ ಕೊಡುತ್ತಿದ್ದೇನೆ. ಅವನಂತೆಯೇ ಯೋಚಿಸುವ ನನ್ನ ಹಳೆಯ ವಿದ್ಯಾರ್ಥಿಗಳೂ ಓದಲಿ.

2023ರ ಜೂನ್ ತಿಂಗಳಿನಲ್ಲಿ ನಾನು ಕ್ಯಾಲಿಫೋರ್ನಿಯಾದಲ್ಲಿ ಮಗನ ಮನೆಯಲ್ಲಿದ್ದೆನು. ಅಲ್ಲಿಯ ಹವ್ಯಾಸಿ ರೇಡಿಯೋ ಸಂಘದವರು ವಾರಾಂತ್ಯದಲ್ಲಿ ‘ಫೀಲ್ಡ್ ಡೇ’ ನಡೆಸುವರೆಂದು ತಿಳಿದು ನೋಡಲು ಹೋದೆನು. ಅಮೆರಿಕನ್ ರೇಡಿಯೋ ರಿಲೇ ಲೀಗ್ ಎಂಬ ಸಂಸ್ಥೆಯು 1933ರಲ್ಲಿ ಆರಂಭಿಸಿದ ಈ ಅಭ್ಯಾಸವು ಇಂದಿಗೂ ಜೂನ್ ತಿಂಗಳ ನಾಲ್ಕನೆಯ ಪೂರ್ಣ ವಾರಾಂತ್ಯದಲ್ಲಿ ನಡೆಯುತ್ತದೆ. ಅಮೆರಿಕ, ಕೆನಡಾ ದೇಶಗಳ ಸಾವಿರಾರು ಹವ್ಯಾಸಿಗಳು ಅಂದು ಬಯಲಿಗೆ ಬಂದು, ಜನರೇಟರ್, ಬ್ಯಾಟರಿ, ಸೌರಫಲಕಗಳಿಂದ ತಮ್ಮ ಯಂತ್ರಗಳನ್ನು ನಡೆಸಿ, 24 ಗಂಟೆಗಳ ಕಾಲ ಪರಸ್ಪರ ಸಂಪರ್ಕ ಸಾಧಿಸುತ್ತಾರೆ. ಮಾತಿನ ಸಂಪರ್ಕಕ್ಕೆ ಒಂದು ಅಂಕ, ಮೋರ್ಸ್ ಸಂಕೇತದ ಸಂಪರ್ಕಕ್ಕೆ ಎರಡು. ತುರ್ತು ವಿದ್ಯುತ್ತನ್ನೇ ಬಳಸಿದರೆ, ಸಾರ್ವಜನಿಕ ಸ್ಥಳದಲ್ಲಿ ನಡೆಸಿದರೆ, ಕಿರಿಯರನ್ನು ಸೇರಿಸಿಕೊಂಡರೆ ಹೆಚ್ಚುವರಿ ಅಂಕಗಳುಂಟು. ಅಂಕಗಳು ಯಾವುದಕ್ಕೆ ಎಂಬುದನ್ನು ನೋಡಿದರೆ ಪರೀಕ್ಷೆಯ ಉದ್ದೇಶವೇನೆಂದು ಯಾವ ಮೇಷ್ಟರಿಗಾದರೂ ತಿಳಿಯುತ್ತದೆ.

ವನಭೋಜನವೆಂಬ ಮಾತನ್ನು ನಾನು ಪೂರ್ತಿ ಅಲ್ಲಗಳೆಯುವುದಿಲ್ಲ. ಊಟ, ಹರಟೆ, ನಗು ಎಲ್ಲವೂ ಅಲ್ಲಿತ್ತು. ಆದರೆ ಕವಣೆಯಿಂದ ಮರದ ಕೊಂಬೆಯಾಚೆಗೆ ದಾರ ಎಸೆದು, 20 ಮೀಟರ್ ಉದ್ದದ ತಂತಿಯನ್ನು ಮೇಲಕ್ಕೆಳೆದು ಕಟ್ಟಿದ್ದನ್ನೂ ಕಂಡೆನು. ಕತ್ತಲಾದ ಮೇಲೆ ಅವರು 20 ಮೀಟರ್ ಅಲೆಪಟ್ಟಿಯಿಂದ 40 ಮೀಟರಿಗೆ ಇಳಿದರು. ಹಗಲಿನಲ್ಲಿ ಉದ್ದನೆಯ ಅಲೆಗಳನ್ನು ಹೀರಿಕೊಳ್ಳುವ ಅಯಾನುಗೋಳದ ಕೆಳಪದರವು ರಾತ್ರಿ ಕರಗುವುದೇ ಇದಕ್ಕೆ ಕಾರಣ. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬಾಗಿದ ಬಾಣ ಬರೆದು ಕಲಿಸಿದ್ದ ಪಾಠವನ್ನು ನಾನು ಅಂದು ಮೊದಲ ಬಾರಿಗೆ ಕಿವಿಯಿಂದ ಕೇಳಿದೆನು.

ನಡುರಾತ್ರಿಯಲ್ಲಿ ಜನರೇಟರ್ ನಿಂತುಹೋಯಿತು. ಇಂಧನದ ಕ್ಯಾನನ್ನು ಯಾರೋ ಮನೆಯಲ್ಲಿಯೇ ಮರೆತು ಬಂದಿದ್ದರು. ಟಾರ್ಚ್ ಬೆಳಕಿನಲ್ಲಿ ಬ್ಯಾಟರಿಗೆ ತಂತಿ ಬದಲಾಯಿಸಿದರೂ ಯಂತ್ರ ಏಳಲಿಲ್ಲ. ಸಡಿಲವಾಗಿದ್ದ ಜೋಡಣೆಯನ್ನು ಕಂಡುಹಿಡಿದವಳು ಸುಮಾರು ಹನ್ನೆರಡು ವರ್ಷದ ಹುಡುಗಿ. ಇಪ್ಪತ್ತು ನಿಮಿಷ ವ್ಯರ್ಥವಾಯಿತು, ಯಾರ ಪ್ರಾಣವೂ ಹೋಗಲಿಲ್ಲ. ಮುಂದಿನ ವರ್ಷ ಆ ಕ್ಯಾನನ್ನು ಯಾರೂ ಮರೆಯಲಾರರು. ಈ ಇಪ್ಪತ್ತು ನಿಮಿಷಕ್ಕಾಗಿಯೇ ಅವರು ವರ್ಷಕ್ಕೊಮ್ಮೆ ಬಯಲಿಗೆ ಬರುವುದು ಎಂದು ನನ್ನ ನಂಬಿಕೆ.

ಅಳಿಯನೇ, ಇನ್ನು ನಿನ್ನ ಮೊಬೈಲಿನ ಮಾತು. ಏಳು ಸಮುದ್ರದಾಚೆಯ ಗಿಳಿಯಲ್ಲಿ ಜೀವವಿಟ್ಟಿದ್ದ ರಾಕ್ಷಸನ ಕಥೆಯನ್ನು ನಿನ್ನ ಅಜ್ಜಿ ನಿನಗೆ ಹೇಳಿರಬೇಕು. ನಿನ್ನ ಮೊಬೈಲಿನ ಜೀವವೂ ಹಾಗೆಯೇ ಬೇರೆಡೆ ಇದೆ. ಗುಡ್ಡದ ಮೇಲಿನ ಗೋಪುರ, ಅದರ ಬ್ಯಾಟರಿ, ನೆಲದಡಿಯ ಕೇಬಲ್, ಇವುಗಳಲ್ಲಿ ಒಂದು ಕಡಿದರೂ ನಿನ್ನ ಕೈಯಲ್ಲಿ ಉಳಿಯುವುದು ಗಾಜಿನ ತುಂಡು. ಉಪಗ್ರಹ ಫೋನ್ ಇದೆಯಲ್ಲವೇ ಎನ್ನುವೆಯಾದರೆ, ಭಾರತದಲ್ಲಿ ಅದನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ.

2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ತಂಡವು ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿ ರೇಡಿಯೋ ಕೇಂದ್ರ ಹೂಡಿ, ಲೋಕದ ಹವ್ಯಾಸಿಗಳೊಡನೆ ಸಂಪರ್ಕ ನಡೆಸಿತ್ತು. ನಿನ್ನ ಮಾತಿನಲ್ಲಿ ಅದೂ ಆಟವೇ. 26ರ ಬೆಳಗ್ಗೆ ಭೂಮಿ ನಡುಗಿ ಸುನಾಮಿ ಅಪ್ಪಳಿಸಿತು. ದೂರವಾಣಿಗಳು ಮೂಕವಾದಾಗ, ಹವ್ಯಾಸಕ್ಕೆಂದು ಕಟ್ಟಿದ್ದ ಆ ತಂತಿಯ ಮೂಲಕವೇ ದ್ವೀಪದ ಸುದ್ದಿಯೂ ಬಂಧುಗಳ ಕ್ಷೇಮಸಮಾಚಾರವೂ ಹೊರಬಂದವು. 2024ರ ಜುಲೈ 30ರಂದು ನಮ್ಮ ನೆರೆಯ ವಯನಾಡಿನಲ್ಲಿ ಗುಡ್ಡ ಕುಸಿದಾಗಲೂ ಹವ್ಯಾಸಿಗಳು ಕಲ್ಪೆಟ್ಟದಲ್ಲಿ ಕೇಂದ್ರ ತೆರೆದು ನೆರವಾದರು. ಮೊದಲೇ ಕೈ ಪಳಗಿದ್ದವರು ಇದ್ದುದರಿಂದ ಇದು ಸಾಧ್ಯವಾಯಿತು.

ನಮ್ಮ ಶಾಲೆಗಳಲ್ಲಿ ಕೈ ಪಳಗಿಸುವ ಕೆಲಸ ಎಲ್ಲಿದೆ? ಪ್ರಯೋಗವೆಂದರೆ ರೆಕಾರ್ಡ್ ಪುಸ್ತಕದ ಅಚ್ಚುಕಟ್ಟು ಚಿತ್ರ. ವಿಪತ್ತು ನಿರ್ವಹಣೆಯೆಂದರೆ ಬ್ಯಾನರ್ ಮುಂದೆ ನಿಂತು ತೆಗೆಸಿಕೊಂಡ ಫೋಟೋ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನಗುವ ನಾವೇ ಅದನ್ನು ಶಿಕ್ಷಣಪದ್ಧತಿಯನ್ನಾಗಿ ಮಾಡಿಕೊಂಡಿದ್ದೇವೆ.

ಇತರರನ್ನು ಬೈಯುವ ಮುನ್ನ ನನ್ನ ತಪ್ಪನ್ನೂ ಹೇಳಬೇಕು. 1984ರಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ, ದೂರದ ರೇಡಿಯೋ ಕೇಳಲು ಶಾಲೆಯ ಮಾಡಿನ ಮೇಲೆ ತಂತಿ ಕಟ್ಟಬಹುದೇ ಎಂದು ನನ್ನನ್ನು ಕೇಳಿದ್ದನು. ನಾನು ಮುಖ್ಯೋಪಾಧ್ಯಾಯರಲ್ಲಿ ಪ್ರಸ್ತಾಪಿಸಿದೆನು. “ಇದು ಸಿಲಬಸ್ಸಿನಲ್ಲಿ ಇದೆಯೇ?” ಎಂದರು. ಇಲ್ಲವೆಂದು ಹೇಳಿ ಹಿಂದಿರುಗಿದೆನು. ಹುಡುಗ ಮತ್ತೆ ಕೇಳಲಿಲ್ಲ. ಆ ತಂತಿಗೆ ಹತ್ತು ರೂಪಾಯಿ ಕೂಡ ಆಗುತ್ತಿರಲಿಲ್ಲ. ಇನ್ನೊಂದು ಮಾತಾಡುವ ಧೈರ್ಯ ಮಾತ್ರ ಬೇಕಿತ್ತು, ಅದು ನನ್ನಲ್ಲಿರಲಿಲ್ಲ. ಅವನು ಈ ಬರಹವನ್ನು ಓದುತ್ತಿದ್ದರೆ ಕ್ಷಮಿಸಲಿ.

ನಿಮ್ಮಲ್ಲಿ ಅನೇಕರು ಇಂದು ಅಧ್ಯಾಪಕರು, ಎಂಜಿನಿಯರುಗಳು, ಶಾಲಾ ಸಮಿತಿಯ ಸದಸ್ಯರು. ವರ್ಷಕ್ಕೊಂದು ದಿನ ನಿಮ್ಮ ಊರಿನ ಶಾಲೆಯಲ್ಲಿ ವಿದ್ಯುತ್ತಿನ ಮೇನ್ ಸ್ವಿಚ್ ಆರಿಸಿರಿ. ಪರವಾನಗಿಯುಳ್ಳ ಹವ್ಯಾಸಿಯೊಬ್ಬರನ್ನು ಕರೆಸಿರಿ. ಮಕ್ಕಳು ಮರಕ್ಕೆ ತಂತಿ ಕಟ್ಟಲಿ, ಬ್ಯಾಟರಿ ಜೋಡಿಸಲಿ, ದೂರದ ದನಿಯನ್ನು ಆಲಿಸಲಿ, ಕೇಳಿದ್ದನ್ನು ತಪ್ಪಿಲ್ಲದೆ ಬರೆದುಕೊಳ್ಳಲಿ. ಏನಾದರೂ ಮರೆತು ಬರಲಿ, ಕೆಡಲಿ. ಕೆಟ್ಟದ್ದನ್ನು ಅವರೇ ಸರಿಪಡಿಸಲಿ. ಸಿಲಬಸ್ಸಿನಲ್ಲಿ ಇದೆಯೇ ಎಂದು ಯಾರಾದರೂ ಕೇಳಿದರೆ, ನನ್ನಂತೆ ಹಿಂದಿರುಗಬೇಡಿರಿ.