ಮುಟ್ಟು ನಿಲ್ಲುವ ಕಾಲ, ಕರುಳು ಮತ್ತು ತಂಗಳು

12ನೆಯ ಶತಮಾನದಲ್ಲಿಯೇ ಶರಣರು ರಜಸ್ಸೂತಕವನ್ನು ಅಲ್ಲಗಳೆದರು. ಆದರೂ ಮಣ್ಣೂರಿನಂತಹ ನಮ್ಮ ಭೀಮಾತೀರದ ಊರುಗಳಲ್ಲಿ ಮುಟ್ಟು ನಿಲ್ಲುವ ಕಾಲದ ಸಂಕಟವನ್ನು ತಾಯಂದಿರು ಬಾಯಿಬಿಟ್ಟು ಹೇಳುವುದು ಅಪರೂಪ. ಆಗ ದೇಹದಲ್ಲಿ ಪ್ರೊಜೆಸ್ಟರಾನ್ ತಗ್ಗುತ್ತದೆ, ಈಸ್ಟ್ರೊಜೆನ್ ಏರಿಳಿಯುತ್ತದೆ. ಅದು ಏರಿದಾಗ ಕೆಲವು ಜೀವಕೋಶಗಳಿಂದ ಹಿಸ್ಟಮಿನ್ ಹೆಚ್ಚಾಗಿ ಹೊರಬರಬಹುದು. ಆಹಾರದ ಹಿಸ್ಟಮಿನ್ನನ್ನು ಒಡೆಯುವ ಕಿಣ್ವ ಹುಟ್ಟುವುದು ಕರುಳಿನ ಒಳಪದರದಲ್ಲಿ. ಕರುಳು ಕೆಟ್ಟರೆ ಅದೂ ಕುಂದುತ್ತದೆ. ತುರಿಕೆ, ತಲೆನೋವು, ಹೊಟ್ಟೆಯುಬ್ಬರಗಳಿಗೆ ಕೆಲವರಲ್ಲಿ ಇದೂ ಕಾರಣವಿರಬಹುದು, ಎಲ್ಲರಲ್ಲಿ ಅಲ್ಲ. ಹುಳಿತ, ಹಳೆಯದಾದ ಆಹಾರದಲ್ಲಿ ಹಿಸ್ಟಮಿನ್ ಹೆಚ್ಚಿರಬಲ್ಲದು. ಮನೆಮಂದಿಗೆಲ್ಲ ಬಿಸಿರೊಟ್ಟಿ ಬಡಿಸಿ, ನಿನ್ನೆಯ ಪಲ್ಯವನ್ನು ತಾಯಿಯೇ ಉಣ್ಣುವ ರೂಢಿಯನ್ನು, ಅದಕ್ಕೆ ತ್ಯಾಗವೆಂಬ ಹೆಸರಿದ್ದರೂ, ನಾವು ಒಪ್ಪೆವು. ಅವಳಿಗೂ ಬಿಸಿ ಊಟ ಸಲ್ಲಲಿ. ಮುಟ್ಟು ನಿಂತು 12 ತಿಂಗಳಾದ ಮೇಲೆ ರಕ್ತಸ್ರಾವ ಕಂಡರೆ ಮಾತ್ರ ಪಥ್ಯವನ್ನು ನೆಚ್ಚದೆ ತಡಮಾಡದೆ ವೈದ್ಯರನ್ನು ಕಾಣಬೇಕು.